ಕೆಳಗಿನ ಮನೆಯ ಜರ್ಮನ್ ಹಿಡಿದ ರೋಜಾ

ಮೊನ್ನೆ ಔಷಧಿ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ನಿಂತಿದ್ದ ಮುದುಕನ ಕೋಟಿನಿಂದ ನೋವಿನ ಎಣ್ಣೆಯ ವಾಸನೆ ಬಂತು. ಕರ್ಪೂರ, ನೀಲಗಿರಿ, ಜೊತೆಗೆ ಇನ್ನೇನೋ ಘಾಟು, ಎಲ್ಲ ಕೂಡಿ ಕಣ್ಣಲ್ಲಿ ನೀರು ತರಿಸುವಂಥ ವಾಸನೆ. ನನ್ನ ಸರದಿ ಬಂದು ಕೌಂಟರಿನ ಹುಡುಗಿ ನನ್ನ ಹುಟ್ಟಿದ ತಾರೀಕು ಕೇಳುತ್ತಿದ್ದಳು, ನಾನು ಬಾಯಿ ಬಿಟ್ಟುಕೊಂಡು ನಿಂತಿದ್ದೆ. ಹುಟ್ಟಿದ ತಾರೀಕು ಮರೆಯುವಷ್ಟು ವಯಸ್ಸೇನೂ ನನಗಾಗಿಲ್ಲ. ಆದರೆ ಆ ಹೊತ್ತಿಗೆ ನಾನು ಅಲ್ಲಿರಲಿಲ್ಲ, ಶಿಕಾಗೋ ಪಕ್ಕದ ಸ್ಕೋಕಿಯ ನಮ್ಮ ಹಳೆಯ ಮನೆಯ ಅಡುಗೆಮನೆಯಲ್ಲಿದ್ದೆ...

ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಇಟ್ಟಿಗೆಯ ಎರಡಂತಸ್ತಿನ ಮನೆ. ಮೇಲೆ ನಾನು, ನಮ್ಮವರು, ಗದಗಿನಿಂದ ಬಂದು ನಮ್ಮೊಂದಿಗಿದ್ದ ಅತ್ತೆ. ಕೆಳಗೆ ಒಬ್ಬ ಜರ್ಮನ್, ಒಂಟಿ. ಬಿಸಿಗಾಳಿ ಬರುವ ಕೊಳವೆ ಎರಡೂ ಮನೆಗೆ ಒಂದೇ ಆಗಿದ್ದರಿಂದ ನಮ್ಮ ಒಗ್ಗರಣೆಯ ಘಮ ಅವನಿಗೆ, ಅವನ ನೋವಿನ ಎಣ್ಣೆಯ ಘಾಟು ನಮಗೆ. ಬೆಳಗಾದರೆ ಸಾಕು, ಅವನು ಹಗ್ಗ ಜಿಗಿಯುವ ಟಪಟಪ ಸದ್ದು ನೆಲದ ಕಿಂಡಿಯಿಂದ ಮೇಲೆ ಬರುತ್ತಿತ್ತು. ಮೊದಮೊದಲು ನನಗೆ ತಲೆ ಚಿಟ್ಟು ಹಿಡಿಯುತ್ತಿತ್ತು. ಆಮೇಲೆ ಅದಿಲ್ಲದೆ ಚಹಾ ಕುದಿಸಲು ಕೈ ಬರುತ್ತಿರಲಿಲ್ಲ.

ಅವನು ಬಾಕ್ಸರ್. ಹಣಕ್ಕೆ ಹೊಡೆದಾಡುವವನು. ಮಿಡಲ್‌ವೇಟ್ ಎನ್ನುತ್ತಿದ್ದ, ಎಂದರೆ ಹೊಡೆದಾಟದ ಹಿಂದಿನ ದಿನ ತಕ್ಕಡಿಯ ಮೇಲೆ ನಿಂತಾಗ ನೂರ ಅರವತ್ತು ಪೌಂಡಿಗಿಂತ ಒಂದು ಚೂರೂ ಹೆಚ್ಚಿರಬಾರದು. ತನ್ನ ದೇಶದಲ್ಲಿ ಹೆಸರು ಮಾಡಿದ್ದನಂತೆ, ಯುರೋಪಿನ ಪಟ್ಟದ ಹತ್ತಿರ ಹೋಗಿ ಸೋತಿದ್ದನಂತೆ. ಅಮೆರಿಕದಲ್ಲಿ ಗೆದ್ದರೆ ದೊಡ್ಡ ಪಟ್ಟಕ್ಕೆ ದಾರಿ ಎಂದು ಒಬ್ಬ ಮುದಿ ಕೋಚ್‌ನ ಬೆನ್ನು ಹಿಡಿದು ಇಲ್ಲಿಗೆ ಬಂದವನು. ಹೋಟೆಲಿನ ಹಾಲ್‌ಗಳಲ್ಲಿ, ಕ್ಯಾಸಿನೋಗಳಲ್ಲಿ ಹೊಡೆದಾಡಿ ಕಣ್ಣು ಬಾತುಕೊಂಡು ಬರುತ್ತಿದ್ದ. ಹೆಚ್ಚಾಗಿ ಗೆದ್ದೇ ಬರುತ್ತಿದ್ದ. ನಮ್ಮವರದು ಆಗ ಲಾಂಡ್ರಿ. ರಕ್ತದ ಕಲೆಯಾದ ಅವನ ನಿಲುವಂಗಿಯನ್ನು ತಣ್ಣೀರಿನಲ್ಲಿ ನೆನೆಸಿ ತೆಗೆದುಕೊಡುತ್ತಿದ್ದರು. ಅವನು ನಮ್ಮ ಮೆಟ್ಟಿಲ ಮೇಲಿನ ಹಿಮ ತೆಗೆಯುತ್ತಿದ್ದ. ಲೆಕ್ಕ ಸರಿಹೋಗುತ್ತಿತ್ತು.

ಅತ್ತೆಗೆ ಅವನನ್ನು ಕಂಡರೆ ಬಲು ಅಕ್ಕರೆ. ನಮ್ಮದು ಕನ್ನಡ ಮಾತಾಡುವ ಮುಸಲ್ಮಾನರ ಮನೆ. ಅತ್ತೆಗೆ ಬರುತ್ತಿದ್ದುದು ಅದೊಂದೇ. ಅವರು ಗದಗಿನ ಕನ್ನಡದಲ್ಲಿ ಕೇಳುವರು, ಅವನು ಜರ್ಮನಿನಲ್ಲಿ ಉತ್ತರಿಸುವನು. ಇಬ್ಬರೂ ತಲೆಯಾಡಿಸಿಕೊಂಡು ಹಿತ್ತಲಿನಲ್ಲಿ ಗಂಟೆಗಟ್ಟಲೆ ಹರಟುತ್ತಿದ್ದರು. ಇಂಗ್ಲಿಷ್ ಬರುವ ನನ್ನೊಡನೆ ಅವನು ಅಷ್ಟು ಮಾತಾಡಿದ್ದು ನೆನಪಿಲ್ಲ! ನನಗೆ ಹೊಟ್ಟೆಕಿಚ್ಚೇ ಆಗುತ್ತಿತ್ತು.

ಆ ವರ್ಷ ರಂಜಾನ್ ಚಳಿಗಾಲದಲ್ಲಿ ಬಂತು. ಅದೇ ತಿಂಗಳಲ್ಲಿ ಡೆಟ್ರಾಯಿಟ್ ಕಡೆ ಅವನಿಗೊಂದು ದೊಡ್ಡ ಹೊಡೆದಾಟ ಗೊತ್ತಾಯಿತು. ಗೆದ್ದರೆ ಪಟ್ಟದ ಪಂದ್ಯ, ಸೋತರೆ ಗಂಟುಮೂಟೆ ಕಟ್ಟಿಕೊಂಡು ಊರಿಗೆ. ಅವನ ವಯಸ್ಸಿಗೆ ಇನ್ನೊಂದು ಅವಕಾಶ ಸಿಗದು ಎಂದು ಕೋಚ್ ನಮ್ಮವರ ಹತ್ತಿರ ಹೇಳಿದ್ದರು. ಅವನು ತೂಕ ಇಳಿಸತೊಡಗಿದ. ಕೆನ್ನೆ ಒಳಸೇರಿತು. ಮೈಗೆ ಕಸದ ಕರಿಯ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಹಿಮದಲ್ಲಿ ಓಡುತ್ತಿದ್ದ. ಬೆಳಗಾಗುವ ಮುಂಚೆ ಉಣ್ಣುವ ಸಹರಿಗೆ ನಾವು ಎದ್ದಾಗ ಕೆಳಗೂ ದೀಪ ಉರಿಯುತ್ತಿತ್ತು. ಹಗಲೆಲ್ಲ ಅನ್ನವಿಲ್ಲ, ಕೊನೆಗೆ ನೀರೂ ಇಲ್ಲ. ಮೈಯ ನೀರು ಕಳೆಯಲೆಂದು ಒಂದು ಕಾಗದದ ಲೋಟ ಹಿಡಿದು ಅದರಲ್ಲಿ ಉಗುಳುತ್ತಲೇ ಇರುತ್ತಿದ್ದ.

ಅತ್ತೆ ಇದನ್ನೆಲ್ಲ ಕಿಟಕಿಯಿಂದ ನೋಡುತ್ತಿದ್ದರು. ನಮ್ಮ ಊರಿನ ಕಡೆ ರೋಜಾ ಉಪವಾಸ ಹಿಡಿದವರಲ್ಲಿ ಕೆಲವರು ಎಂಜಲು ನುಂಗಿದರೂ ರೋಜಾ ಮುರಿಯುತ್ತದೆಂದು ದಿನವಿಡೀ ಉಗುಳುತ್ತಾರೆ. ಅತ್ತೆಯ ತಂದೆ ಹಾಗೆಯೇ ಮಾಡುತ್ತಿದ್ದರಂತೆ. ಸಹರಿಯ ದೀಪ, ಬಾಡಿದ ಮುಖ, ನೀರು ಮುಟ್ಟದ ಬಾಯಿ, ಮೇಲಿಂದ ಈ ಉಗುಳು. ಇನ್ನೇನು ಬೇಕು?

“ನೋಡಿದೇನು? ರೋಜಾ ಹಿಡಿದಾನ,” ಎಂದರು ಒಂದು ದಿನ, ಗುಟ್ಟು ಹೇಳುವ ದನಿಯಲ್ಲಿ.

ನಾನು ಬಿದ್ದು ಬಿದ್ದು ನಕ್ಕೆ. “ಅತ್ತಿ, ಅವ ಬಾಕ್ಸರ್ ಅದಾನ್ರೀ. ತೂಕ ಇಳಸಾಕತ್ತಾನ.”

“ನಿನಗೇನ ಗೊತ್ತಾಗತೈತಿ, ಸುಮ್ನಿರು. ಒಳಗಿಂದೊಳಗ ಮುಸಲ್ಮಾನ ಆಗ್ಯಾನ. ಯಾರಿಗೂ ಹೇಳವಲ್ಲ, ಪಾಪ.”

ಅವರು ಹಟ ಹಿಡಿದರೆ ಮುಗಿಯಿತು. ನಾನೂ ಬಿಟ್ಟುಬಿಟ್ಟೆ.

ತೂಕದ ಹಿಂದಿನ ಸಂಜೆ. ನಾನು ಭಜಿ ಕರಿಯುತ್ತಿದ್ದೆ. ಹೊತ್ತು ಮುಳುಗಿದ್ದೇ ತಡ, ಅತ್ತೆ ತಮ್ಮ ರೋಜಾ ಬಿಟ್ಟು, ತಟ್ಟೆಯಲ್ಲಿ ಖರ್ಜೂರ, ಭಜಿ, ಬಟ್ಟಲಿನಲ್ಲಿ ಗೋಧಿ-ಮಾಂಸದ ಹಲೀಮ್, ದೊಡ್ಡ ಜಗ್ಗಿನ ತುಂಬ ಗುಲಾಬಿ ಶರಬತ್ತು ಹಿಡಿದು ಮೆಟ್ಟಿಲಿಳಿದರು. ಒಬ್ಬರ ರೋಜಾ ಬಿಡಿಸಿದರೆ ಬರುವ ಪುಣ್ಯ ಸಣ್ಣದಲ್ಲ. ಎಣ್ಣೆ ಒಲೆಯ ಮೇಲಿತ್ತು, ಅದನ್ನು ಇಳಿಸಿ ನಾನು ಹಿಂದೆ ಓಡುವಷ್ಟರಲ್ಲಿ ಅವರು ಕೆಳಗೆ ತಲುಪಿದ್ದರು. ಅವನು ಪ್ಲಾಸ್ಟಿಕ್ ಚೀಲ ಸುತ್ತಿಕೊಂಡೇ ಕೊನೆಯ ಮೆಟ್ಟಿಲ ಮೇಲೆ ಕುಳಿತಿದ್ದ. ತುಟಿ ಬಿರುಕು ಬಿಟ್ಟಿತ್ತು.

“ಹೊತ್ತು ಮುಳುಗೇತಿ ತಮ್ಮಾ. ಇನ್ನ ಕುಡಿ,” ಎಂದು ಅತ್ತೆ ಲೋಟ ಮುಂದೆ ಹಿಡಿದರು.

ಅವನು ಲೋಟವನ್ನು ನೋಡಿದ. ಅತ್ತೆಯ ಮುಖ ನೋಡಿದ. ಬೇಡವೆನ್ನಲು ಕೈ ಎತ್ತಿದ್ದ, ಅದು ನನಗೆ ಚೆನ್ನಾಗಿ ನೆನಪಿದೆ... ಆ ಕೈಯೇ ಲೋಟ ಹಿಡಿಯಿತು. ಗಟಗಟ ಕುಡಿದ. ಇನ್ನೊಂದು ಕುಡಿದ. ಜಗ್ಗು ಬರಿದಾಯಿತು. ಬಟ್ಟಲಿನ ಹಲೀಮನ್ನು ಬೆರಳಿನಿಂದ ಬಳಿದು ತಿಂದ. ಅಂಥ ಹಸಿವನ್ನು, ಅಂಥ ಬಾಯಾರಿಕೆಯನ್ನು ನಾನು ಅದುವರೆಗೆ ನೋಡಿರಲಿಲ್ಲ. ಅತ್ತೆ ಅವನ ತಲೆಯ ಮೇಲೆ ಕೈಯಿಟ್ಟು ಏನೋ ಹರಸಿದರು. ಅವನ ಮುಖದಲ್ಲಿ ನಗು ಇತ್ತು, ಕಣ್ಣಲ್ಲಿ ಭಯವೂ ಇತ್ತು.

ಸ್ವಲ್ಪ ಹೊತ್ತಿಗೇ ಹಿಂದಿನ ಓಣಿಯಲ್ಲಿ ಅವನ ಕಾರು ಸ್ಟಾರ್ಟ್ ಆಯಿತು. ಹೋಗಲಿಲ್ಲ, ನಿಂತಲ್ಲೇ ಇತ್ತು. ಹೀಟರ್ ಪೂರ್ತಿ ಹಾಕಿ, ಗಾಜು ಏರಿಸಿ, ಅವನು ಒಳಗೆ ಬೆವರಲು ಕುಳಿತಿದ್ದ. ಲಾಂಡ್ರಿಯಿಂದ ಬಂದ ನಮ್ಮವರು ಅದನ್ನು ನೋಡಿ ಮೇಲೆ ಬಂದು ವಿಷಯ ಕೇಳಿದರು. ಕೇಳಿ ತಲೆಯ ಮೇಲೆ ಕೈ ಹೊತ್ತು ಕುಳಿತರು.

“ಅವ್ವಾ, ಏನ ಮಾಡಿಟ್ಟಿ! ನಾಳೆ ಅವನ್ನ ತಕ್ಕಡಿ ಮ್ಯಾಲೆ ನಿಂದರಸ್ತಾರ. ಕುಡದ ನೀರಷ್ಟೂ ಈಗ ಮೈಯಾಗಿಂದ ಹಿಂಡಿ ತಗೀಬೇಕು ಅವ.”

ಅತ್ತೆಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಅವರು ಕಿಟಕಿ ಬಿಟ್ಟು ಕದಲಲಿಲ್ಲ. ಕಾರಿನ ಗಾಜು ಒಳಗಿನಿಂದ ಬೆಳ್ಳಗೆ ಮಂಜಾಗಿತ್ತು. ಒಳಗೆ ಮನುಷ್ಯ ಇದ್ದಾನೆಂದು ತಿಳಿಯುತ್ತಿರಲಿಲ್ಲ.

ತೂಕ ಸರಿಹೋಯಿತು. ಅದನ್ನು ಕೇಳಿ ನಾವು ಸಮಾಧಾನಪಟ್ಟುಕೊಂಡೆವು. ಹೊಡೆದಾಟಕ್ಕೆ ನನಗೂ ನಮ್ಮವರಿಗೂ ಅವನೇ ಟಿಕೆಟ್ ಕೊಟ್ಟಿದ್ದ. ಐದು ಗಂಟೆ ಡ್ರೈವ್ ಮಾಡಿ, ದಾರಿಯಲ್ಲಿ ಕಾರಿನಲ್ಲೇ ರೋಜಾ ಬಿಟ್ಟು ಹೋದೆವು. ಅತ್ತೆ ಮನೆಯಲ್ಲಿ ನಮಾಜಿನ ಚಾಪೆಯ ಮೇಲಿದ್ದರು.

ಮೊದಲ ಕೆಲವು ಸುತ್ತು ಅವನದೇ. ನಾನು ಕೂಗಿ ಕೂಗಿ ಗಂಟಲು ಕಟ್ಟಿಕೊಂಡೆ, ನಮ್ಮವರು ನನ್ನನ್ನು ಯಾರೋ ಎಂಬಂತೆ ನೋಡಿದರು. ಆಮೇಲೆ ಅವನ ಕಾಲುಗಳು ಸೋತವು. ಬಾಯಿ ತೆರೆದೇ ಇತ್ತು. ಸುತ್ತುಗಳ ನಡುವೆ ಕೋಚ್ ಬಾಯಿಗೆ ನೀರು ಹಾಕಿದರೆ ಅಭ್ಯಾಸಬಲದಿಂದ ಉಗುಳಿಬಿಡುತ್ತಿದ್ದ. ಎದುರಾಳಿ ಹೊಡೆದ, ಹೊಡೆದ, ಹೊಡೆಯುತ್ತಲೇ ಇದ್ದ. ಇವನು ಬೀಳಲಿಲ್ಲ. ಬೀಳೋ ಮಾರಾಯ, ಬಿದ್ದುಬಿಡು ಎಂದು ನಾನು ಬೇಡಿಕೊಳ್ಳುತ್ತಿದ್ದೆ. ರೆಫರಿ ನಿಲ್ಲಿಸಿದಾಗ ಅವನು ನಿಂತೇ ಇದ್ದ, ಯಾರಿಲ್ಲದ ಕಡೆ ಕೈ ಬೀಸುತ್ತಿದ್ದ. ಕೋಣೆಗೆ ಹೋಗಿ ಬಟ್ಟೆ ಬದಲಿಸುವಾಗ ಕುಸಿದನಂತೆ. ತಲೆಯೊಳಗೆ ರಕ್ತ ಸೋರಿತ್ತು. ಆಪರೇಷನ್ ಆಯಿತು, ಜೀವ ಉಳಿಯಿತು. ಮತ್ತೆಂದೂ ಅವನು ರಿಂಗ್ ಹತ್ತಲಿಲ್ಲ. ಊರಿನಲ್ಲಿ ನೋಡಿಕೊಳ್ಳುವವರು ಯಾರೂ ಇರಲಿಲ್ಲವೆಂದು ಕೋಚ್ ಅವನನ್ನು ಡೆಟ್ರಾಯಿಟ್ ಪಕ್ಕದ ವಾರೆನ್ ಎಂಬ ಊರಿಗೆ, ತಮ್ಮದೇ ಮನೆಗೆ ಕರೆದೊಯ್ದರು.

ಮೈಯಲ್ಲಿ ನೀರಿಲ್ಲದೆ ಹೊಡೆತ ತಿಂದರೆ ತಲೆಗೆ ಪೆಟ್ಟು ಹೆಚ್ಚಾಗುತ್ತದೆ ಎಂದು ಆಸ್ಪತ್ರೆಯಲ್ಲಿ ಯಾರೋ ಹೇಳಿದ್ದನ್ನು ನಮ್ಮವರು ಮನೆಯಲ್ಲಿ ಬಾಯಿ ತಪ್ಪಿ ಆಡಿದರು. ಅತ್ತೆ ಕೇಳಿಸಿಕೊಂಡರು. ಅಂದಿನಿಂದ ಅವರ ನಿದ್ದೆ ಹಾರಿತು. ಕೆಳಗಿನ ಮನೆ ಖಾಲಿಯಾಯಿತು, ಹೊಸಬರು ಬರಲಿಲ್ಲ. ಆದರೂ ಬೆಳಗ್ಗೆ ಅತ್ತೆ ನೆಲದ ಕಿಂಡಿಯ ಹತ್ತಿರ ಕುಳಿತು, “ಕೇಳು, ಹಗ್ಗ ಜಿಗ್ಯಾಕತ್ತಾನ,” ಎನ್ನುತ್ತಿದ್ದರು. ಕೊಳವೆಯ ತಗಡು ಕಾದರೆ ಸದ್ದು ಮಾಡುತ್ತದೆ ಅತ್ತಿ ಎಂದು ಜೋರು ಮಾಡಿ ಹೇಳುತ್ತಿದ್ದೆ. ಆದರೆ ಒಂದು ಬೆಳಿಗ್ಗೆ, ಅತ್ತೆ ಇನ್ನೂ ಎದ್ದಿರಲಿಲ್ಲ, ಚಹಾಕ್ಕೆ ನೀರಿಟ್ಟಿದ್ದೆ, ನನಗೂ ಕೇಳಿಸಿತು. ಟಪಟಪ, ಟಪಟಪ, ಅದೇ ಲಯ. ಯಾರಿಗೂ ಹೇಳಲಿಲ್ಲ. ಮರುವರ್ಷವೇ ಹಟ ಮಾಡಿ ಮನೆ ಬದಲಾಯಿಸಿದೆ...

ಕೆಲವು ವರ್ಷ ಕಳೆದ ಮೇಲೆ ಅತ್ತೆಯ ಹಜ್ ಗೊತ್ತಾಯಿತು. ಹೊರಡುವ ಮುನ್ನ ಬಲ್ಲವರನ್ನೆಲ್ಲ ಕಂಡು, ‘ಅಂದದ್ದು ಆಡಿದ್ದು ಮಾಫ್ ಮಾಡ್ರಿ’ ಎಂದು ಕೇಳಿಕೊಳ್ಳಬೇಕು. ಮನುಷ್ಯನಿಗೆ ಮಾಡಿದ ತಪ್ಪನ್ನು ಆ ಮನುಷ್ಯನೇ ಮಾಫ್ ಮಾಡಬೇಕು, ದೇವರು ನಡುವೆ ಬರುವುದಿಲ್ಲ ಎಂಬುದು ಅತ್ತೆಯ ನಂಬಿಕೆ. ಎಲ್ಲರನ್ನೂ ಕೇಳಿ ಮುಗಿಸಿ, “ವಾರೆನ್‌ಗೆ ಕರಕೊಂಡು ಹೋಗ್ರಿ,” ಎಂದರು.

ಬೇಸಿಗೆ. ತೊಂಬತ್ತು ಡಿಗ್ರಿ ಫ್ಯಾರನ್‌ಹೀಟ್ ಬಿಸಿಲು. ಅವನು ಉಣ್ಣೆಯ ಟೋಪಿ, ದಪ್ಪ ಜಾಕೆಟ್ ಹಾಕಿಕೊಂಡು ಕೋಚ್‌ನ ಹಾಲ್‌ನಲ್ಲಿ ನಿಂತಿದ್ದ. ಕೈಯಲ್ಲಿ ಕಾಗದದ ಲೋಟ. ಅದರಲ್ಲಿ ಉಗುಳುತ್ತಿದ್ದ. ನಮ್ಮ ಗುರುತು ಹತ್ತಲಿಲ್ಲ.

“ಅವನಿಗೆ ಪ್ರತಿದಿನವೂ ತೂಕದ ಹಿಂದಿನ ದಿನವೇ, ಮ್ಯಾಡಮ್,” ಎಂದರು ಕೋಚ್. ನೀರು ಕುಡಿಸುವುದೇ ದೊಡ್ಡ ಯುದ್ಧವಂತೆ. ಸೂಪಿನಲ್ಲಿ, ಕಲ್ಲಂಗಡಿಯಲ್ಲಿ ಮೋಸ ಮಾಡಿ ಹೊಟ್ಟೆಗೆ ಸೇರಿಸುತ್ತಿದ್ದರಂತೆ. ಅತ್ತೆಯ ಸಂಕಟ ತಿಳಿಸಿದಾಗ ಅವರು ನಿಟ್ಟುಸಿರು ಬಿಟ್ಟರು. ತೂಕಕ್ಕಾಗಿ ಎಲ್ಲರೂ ಒಣಗುತ್ತಾರೆ, ಆ ಎದುರಾಳಿಯೂ ಒಣಗಿದ್ದ, ನಿಮ್ಮ ಒಂದು ಜಗ್ಗಿನಿಂದ ಆಯಿತೆಂದು ಯಾರು ಹೇಳಬಲ್ಲರು ಎಂದರು. ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಅತ್ತೆ ಕಿವಿಗೆ ಹಾಕಿಕೊಳ್ಳಲಿಲ್ಲ.

ಅವನೆದುರು ನಿಂತು ಸೆರಗು ಮುಂದೆ ಹಿಡಿದರು. “ಗೊತ್ತಿರಲಿಲ್ಲ ತಮ್ಮಾ. ರೋಜಾ ಅಂತ ತಿಳಿದೆ. ಮಾಫ್ ಮಾಡು,” ಎಂದು ಅತ್ತರು.

ಅವನು ತುಂಬ ವಿನಯದಿಂದ ಕೇಳಿಸಿಕೊಂಡ. “ಓಕೆ, ಮ್ಯಾಡಮ್. ಓಕೆ.” ಅಲ್ಲೇ ಮೇಜಿನ ಮೇಲಿದ್ದ ನೀರಿನ ಲೋಟವನ್ನು ಅತ್ತೆ ಅವನ ಮುಂದೆ ಹಿಡಿದರು. ಅವನು ಅದನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದ. “ನೋ ವಾಟರ್. ಟುಮಾರೋ, ವೇಯ್-ಇನ್.” ನಾಳೆ ತೂಕವಿದೆ ಎಂದು ಮಗುವಿಗೆ ಹೇಳುವಂತೆ ಹೇಳಿದ.

ಕಾರಿನಲ್ಲಿ ನಮ್ಮವರು, “ಓಕೆ ಅಂದನಲ್ಲವ್ವಾ, ಮಾಫ್ ಆತು,” ಎಂದರು.

“ಯಾತಕ್ಕ ಓಕೆ ಅಂದ್ನೋ ಅವಗ ಗೊತ್ತೈತೇನು?” ಎಂದರು ಅತ್ತೆ.

ಆ ವರ್ಷ ಅವರು ಹಜ್‌ಗೆ ಹೋಗಲಿಲ್ಲ. ಮರುವರ್ಷವೂ ಇಲ್ಲ. ಆಗಾಗ ನನ್ನಿಂದ ಕೋಚ್‌ಗೆ ಫೋನ್ ಮಾಡಿಸಿ, ಅವನಿಗೆ ನೆನಪು ಬಂತೇ ಎಂದು ಕೇಳಿಸುತ್ತಿದ್ದರು. ನಾನು ಅದೇ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಕೇಳುವುದು, ಅವರು ಇಲ್ಲವೆಂಬ ಅದೇ ಉತ್ತರ ಕೊಡುವುದು. ಹೀಗೇ ನಡೆದು ಒಂದು ಶುಕ್ರವಾರ ಅತ್ತೆ ತೀರಿಕೊಂಡರು. ಅದಾಗಿ ಬಹಳ ದಿನಗಳ ಮೇಲೆ ಕೋಚ್‌ನ ಮಗಳು ಫೋನ್ ಮಾಡಿ ಅವನೂ ಹೋದನೆಂದು ತಿಳಿಸಿದಳು. ಅವನು ನನಗೆ ಯಾರು ಎಂದು ನನ್ನನ್ನೇ ಕೇಳಿಕೊಂಡೆ. ಆದರೆ ಅತ್ತಿದ್ದು ಮಾತ್ರ ನಿಜ. ಅತ್ತೆ ಹೋದಾಗ ಅತ್ತದ್ದಕ್ಕಿಂತ ಹೆಚ್ಚೇ ಅತ್ತುಬಿಟ್ಟೆ.

ಈ ವರ್ಷ ನಮ್ಮವರು ಹಜ್‌ಗೆ ಹೊರಟಿದ್ದಾರೆ. ಅವರದು ಮೊದಲೇ ಆಗಿದೆ, ಇದು ಹೋಗದೆಯೇ ತೀರಿಕೊಂಡ ತಾಯಿಯ ಹೆಸರಿನದು. ವಾರದಿಂದ ಫೋನ್ ಹಿಡಿದು ಕುಳಿತಿದ್ದಾರೆ. ಗದಗಿನವರು, ಇಲ್ಲಿ ಶಿಕಾಗೋ ಬಳಿಯ ಲೊಂಬಾರ್ಡ್‌ನವರು, ಲಾಂಡ್ರಿಯಲ್ಲಿ ಕೆಲಸಕ್ಕಿದ್ದವರು, ಎಲ್ಲರ ಹತ್ತಿರವೂ ತಮ್ಮ ಪರವಾಗಿ, ತಾಯಿಯ ಪರವಾಗಿ ಮಾಫಿ ಕೇಳಿದ್ದಾಯಿತು. ಅಯ್ಯೋ ನಿಮ್ಮದೇನು ತಪ್ಪು ಅಂಕಲ್ ಎಂದು ಎಲ್ಲರೂ ನಗುತ್ತಾರೆ.

ನಿನ್ನೆ ಸಂಜೆ, “ಅವ್ವನ ಕಡಿಯಿಂದ ಕೇಳೋದು ಇನ್ನ ಯಾರರ ಉಳದಾರೇನು?” ಎಂದರು.

“ಒಬ್ಬ ಉಳದಾನ,” ಎಂದೆ.

ಅವರು ನನ್ನ ಮುಖ ನೋಡಿದರು. ಫೋನಿನಲ್ಲಿ ವಾರೆನ್‌ನ ಆ ಹಳೆಯ ನಂಬರ್ ತೆಗೆದರು, ಆಮೇಲೆ ಫೋನನ್ನು ಮೇಜಿನ ಮೇಲೆ ಬೋರಲು ಇಟ್ಟರು.