ಮೇಡಂ ಹುಡುಕಿದ ಎಳೆ

ದೇವರ ದೀಪಗಳಿಗೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಾಗ ಫೋನು ಬಂತು. ಹಿಂದೆ ನಮ್ಮ ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದ ಗಣಿತದ ಮೇಡಂ ಹೋಗಿಬಿಟ್ಟರಂತೆ. ಮಲಗಿದಲ್ಲೇ ಹೋದರಂತೆ, ನರಳಲಿಲ್ಲವಂತೆ. ಅಷ್ಟಾದರೂ ದೇವರು ನಡೆಸಿಕೊಟ್ಟ.

ಮೂಡಿಗೆರೆಯಲ್ಲಿ ಆಗ ನಮ್ಮೆರಡು ಮನೆಗೂ ಒಂದೇ ಜಗುಲಿ. ಡಾಕ್ಟರೇಟ್ ಮಾಡಿದ್ದ ಅವರು ದಿನಾ ಬಸ್ಸಿನಲ್ಲಿ ಚಿಕ್ಕಮಗಳೂರಿಗೆ ಹೋಗಿ ಕಾಲೇಜಿನಲ್ಲಿ ಪಾಠ ಮಾಡಿ ಬರುತ್ತಿದ್ದರು. ಉಳಿದ ಹೊತ್ತೆಲ್ಲ ಚುಕ್ಕಿ ರಂಗೋಲಿ. ಅದೇ ಅವರ ಸಂಶೋಧನೆ, ಅದೇ ಅವರ ಚಿತ್ರ. ನೆಲದ ಮೇಲೆ ಎಳೆ ಸರಿಬಂದರೆ ಕಾಗದದಲ್ಲಿ ಅದರ ಲೆಕ್ಕ ಬಿಡಿಸಿ, ಆಮೇಲೆ ದೊಡ್ಡ ಕ್ಯಾನ್ವಾಸಿಗೆ ಬಣ್ಣದಲ್ಲಿ ಇಳಿಸುತ್ತಿದ್ದರು.

"ಇಷ್ಟು ಓದಿ ರಂಗೋಲಿ ಹಾಕೋದಾ ಮಾರಾಯ್ತಿ? ಹಾಗಾದ್ರೆ ನೀನೂ ಡಾಕ್ಟರೇ ಬಿಡು" ಎಂದು ನಮ್ಮನೆಯವರು ನನ್ನನ್ನು ಛೇಡಿಸುತ್ತಿದ್ದರು.

ಒಮ್ಮೆ ಹದಿನೈದು ದಿನ ಜಗುಲಿಯಲ್ಲಿ ಒಂದೇ ರಂಗೋಲಿಯ ಮುಂದೆ ಕುಳಿತರು. ಕೈ ಎತ್ತದೆ ಎಲ್ಲ ಚುಕ್ಕಿಗಳನ್ನೂ ಸುತ್ತಿ ಬರುವ ಒಂದೇ ಎಳೆ ಬೇಕಿತ್ತು. ಏನು ಮಾಡಿದರೂ ತುದಿ ಕೂಡುತ್ತಿರಲಿಲ್ಲ. ಒಂದು ಬೆಳಿಗ್ಗೆ ಅದನ್ನು ಹಾಗೇ ಬಿಟ್ಟು, "ಅಕ್ಕಾ, ಇದನ್ನ ಗುಡಿಸ್ಬೇಡಿ" ಎಂದು ಹೇಳಿ ಬಸ್ಸಿಗೆ ಹೋದರು.

ಅವತ್ತು ಶುಕ್ರವಾರ. ಬಾಗಿಲ ಮುಂದೆ ತುದಿ ಬಿಟ್ಟ ರಂಗೋಲಿ ಇರಬಾರದು ಅಂತ ನಮ್ಮತ್ತೆ ಕಲಿಸಿದ್ದು. ಗುಡಿಸಲಿಲ್ಲ ನಾನು. ಅಲ್ಲಲ್ಲಿ ನಾಲ್ಕೈದು ಎಳೆ ಅಳಿಸಿ, ಅತ್ತೆ ತಿರುಗಿಸುತ್ತಿದ್ದ ಹಾಗೆ ತಿರುಗಿಸಿ ಕೂಡಿಸಿಬಿಟ್ಟೆ...

ಸಂಜೆ ಬಂದ ಮೇಡಂ ಚಪ್ಪಲಿಯನ್ನೂ ಬಿಡದೆ ಕುಕ್ಕರಗಾಲಲ್ಲಿ ಕುಳಿತು ಎಳೆಯ ಹಿಂದೆಯೇ ಬೆರಳು ಓಡಿಸಿದರು. ಒಂದೇ ಎಳೆ!

"ಅಕ್ಕಾ, ಯಾರು ಮಾಡಿದ್ದು ಇದು? ಎಲ್ಲೆಲ್ಲಿ ತಿರುಗಿಸಿದ್ದು?"

ಧ್ವನಿ ನಡುಗುತ್ತಿತ್ತು. ಸಿಟ್ಟು ಅಂದುಕೊಂಡೆ.

"ನಂಗೇನು ಗೊತ್ತು ಮೇಡಂ? ನಾನು ಇತ್ಲಾಗೆ ಬರ್ಲೇ ಇಲ್ಲ."

ಅವರ ಮುಖ ಇಳಿಯಿತು. "ಬಂದ್ರೆ ಸಾಲ್ದು ಅಕ್ಕಾ. ಹೇಗೆ ಬಂತು, ಯಾವ ಲೆಕ್ಕದಲ್ಲಿ ತಿರುಗಿಸಿದ್ರು ಅಂತ ಗೊತ್ತಾಗ್ಬೇಕು. ಅದು ಗೊತ್ತಾಗ್ದೆ ನಾನು ಬಣ್ಣ ಮುಟ್ಟಲ್ಲ."

ತಿಂಗಳುಗಟ್ಟಲೆ ಹುಡುಕಿದರು. ಹಾಕುವುದು, ಅಳಿಸುವುದು. ನಾನು ಕಾಫಿ ಕೊಟ್ಟು ಬರುತ್ತಿದ್ದೆ, ಬಾಯಿ ಬಿಡಲಿಲ್ಲ. ಅಷ್ಟು ದಿನ ಮುಚ್ಚಿಟ್ಟು ಈಗ ಹೇಗೆ ಹೇಳುವುದು ಅನ್ನುವುದೇ ದಿನದಿನಕ್ಕೆ ದೊಡ್ಡದಾಯಿತು. ಕೊನೆಗೆ ವರ್ಗವಾಗಿ ಹೊರಟಾಗ ಆ ಕ್ಯಾನ್ವಾಸು ಬಿಳಿಯಾಗಿಯೇ ವ್ಯಾನು ಹತ್ತಿತು.

ಹೊರನಾಡಿನ ಗುಡಿಗೆ ಹೋದಾಗಲೆಲ್ಲ ದೇವಿ ಅಮ್ಮನ ಮುಂದೆ ತಪ್ಪೊಪ್ಪಿಕೊಂಡಿದ್ದೇನೆ. ಅಮ್ಮ ಕ್ಷಮಿಸಿರಬಹುದು. ಆದರೆ ಯಾರು ಮಾಡಿದ್ದು ಅಂತ ಕೇಳಿದ್ದು ಅಮ್ಮನಲ್ಲ, ಮೇಡಂ. ಅವರ ನಂಬರು ನನ್ನ ಹತ್ತಿರ ಇತ್ತು. ನಿನ್ನೆಯವರೆಗೂ ಹೇಳಬಹುದಿತ್ತು...

ಕೈ ತೊಳೆದುಕೊಂಡು, ಸಾರಿಗೆ ಹಲಸಿನ ಬೀಜ ಸುಲಿಯಲು ಕುಳಿತೆ.