ಬೆಳ್ಳಿ ಕಣ್ಣಿನ ಬೀಸುಕಲ್ಲು

ಮಗಳ ಮದುವೆ ನೇಪಾಳದಲ್ಲಿ ಎಂದು ತಿಳಿಸಿದಾಗ ನಮ್ಮ ಬಳಗದವರು ಹುಡುಗನ ಬಗ್ಗೆ ಹೆಚ್ಚೇನೂ ಕೇಳಲಿಲ್ಲ. "ಅಲ್ಲಿ ರೊಟ್ಟಿ ಸಿಗ್ತಾವೇನ್ರಿ?" ಎಂದು ಕೇಳಿದರು.

ಹುಡುಗ ನಾಗಪುರದಲ್ಲಿ ನನ್ನ ಮಗಳ ಜೊತೆಗೇ ಫಿಜಿಯೋಥೆರಪಿ ಓದಿದವನು. ಗಡಿ ದಾಟಿ ಒಂದು ತಾಸು ಹೋದರೆ ಅವನ ಊರು. ಅವನ ಅಜ್ಜಿ ಹಾಸಿಗೆ ಹಿಡಿದಿದ್ದರು. ಅವರು ಇಷ್ಟು ದೂರ ಬರುವಂತಿರಲಿಲ್ಲವಾದ್ದರಿಂದ ನಾವೇ ಹೋಗುವುದೆಂದು ಮಾತಾಯಿತು. ನಾಗಪುರದಿಂದ ಗೋರಖಪುರದವರೆಗೆ ರೈಲು, ಅಲ್ಲಿಂದ ಮುಂದೆ ಬಾಡಿಗೆ ಬಸ್ಸು. ಎಲ್ಲರನ್ನೂ ಕರೆದೊಯ್ಯುವ ಜವಾಬ್ದಾರಿ ನನ್ನ ಮೇಲೆ ಬಿತ್ತು.

ಇಂಥದ್ದನ್ನೆಲ್ಲ ನನ್ನ ಹೆಂಡತಿ ಮಾಡುತ್ತಿದ್ದಳು. ಅವಳು ತೀರಿಕೊಂಡು ಆಗಷ್ಟೇ ವರ್ಷ ತುಂಬಿತ್ತು. ನಾನು ರಕ್ಷಣಾ ಕಾರ್ಖಾನೆಯ ಸ್ಟೋರಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಅಲ್ಲಿ ದಿನಾ ಗೇಟಿನಲ್ಲಿ ಚೀಲ ತೆರೆದು ತೋರಿಸಬೇಕು, ಕೇಳಿದ್ದಕ್ಕಷ್ಟೇ ಉತ್ತರ ಕೊಡಬೇಕು. ಆ ರೂಢಿ ನನ್ನ ಜೊತೆ ಮನೆಗೂ ಬಂದುಬಿಟ್ಟಿತ್ತು. "ಗೇಟಿನಾಗ ನಿಮ್ಮ ಚೀಲ ಅಷ್ಟ ತಗಸ್ತಾರ, ಬಾಯಿ ತಗಸಂಗಿಲ್ಲೇನ್ರಿ?" ಎಂದು ಅವಳು ಕೇಳುತ್ತಿದ್ದಳು. ನಾನು ಅದಕ್ಕೂ ಉತ್ತರ ಕೊಡುತ್ತಿರಲಿಲ್ಲ.

ಮಗಳು ನನ್ನಲ್ಲಿ ಕೇಳಿಕೊಂಡದ್ದು ಒಂದೇ. "ಅಪ್ಪಾ, ಬಾಕಿ ಕಾಹೀಪಣ್ ಚಾಲೇಲ್. ಅರಿಷಿಣ ಮಾತ್ರ ಅವ್ವನ ಬೀಸುಕಲ್ಲಾಗ ಬೀಸಿದ್ದು ಬೇಕು." ಉಳಿದದ್ದು ಹೇಗಾದರೂ ನಡೆದೀತು, ಇದು ನಡೆಯದು ಎಂಬುದು ಅವಳ ಮಾತಿನ ಅರ್ಥ.

ಆ ಬೀಸುಕಲ್ಲನ್ನು ನನ್ನ ಹೆಂಡತಿ ಬಾಗಲಕೋಟೆ ಕಡೆಯ ತನ್ನ ತವರಿನಿಂದ ತಂದಿದ್ದಳು. ಮಿಕ್ಸರ್ ಬಂದ ಮೇಲೂ ಮೆಂತ್ಯದ ಹಿಟ್ಟು ಅದರಲ್ಲೇ ಆಗಬೇಕು. ಮಧ್ಯಾಹ್ನ ಅದರ ಗರಗರ ಕೇಳಿದರೆ ನಾಗಪುರದ ವಾಡಿ ಬಡಾವಣೆಯ ನಮ್ಮ ಓಣಿಯ ಮರಾಠಿ ಹೆಂಗಸರು ಬಟ್ಟಲು ಹಿಡಿದು ಬರುತ್ತಿದ್ದರು.

"ಇಲ್ಲೇ ಬೀಸಿ ಡಬ್ಬಿಯಲ್ಲಿ ಒಯ್ದರಾಗದೇ?" ಎಂದು ನಾನು ಕೇಳಿದೆ. ಹೆಂಡತಿಯ ಅಕ್ಕ ಒಪ್ಪಲಿಲ್ಲ. ಮದುವೆಯ ಪದ್ಧತಿಗಳನ್ನೆಲ್ಲ ನೋಡಿಕೊಳ್ಳಲೆಂದೇ ಅವರು ಊರಿನಿಂದ ಬಂದಿದ್ದರು. "ಅರಿಷಿಣ ಬೀಸಿದ ಮ್ಯಾಲೆ ಮದಿಮಗಳು ಗಡಿ ದಾಟಬಾರದ್ರಿ ಸಾಹೇಬ್ರ. ಕಲ್ಲ ಹೋಗಬೇಕು ಆಕಿ ಹಿಂದ."

ಹೀಗೆ ಕಲ್ಲೂ ಹೊರಟಿತು. ಒಂದೇ ಚೀಲದಲ್ಲಿಟ್ಟರೆ ಚೀಲ ಹರಿಯುತ್ತದೆಂದು ಕೆಳಗಿನ ಕಲ್ಲನ್ನು ಬೇರೆ ಚೀಲಕ್ಕೆ ಹಾಕಿ ಕಟ್ಟಿದೆ. ಮೇಲಿನ ಕಲ್ಲಿಗೆ ಅಕ್ಕ ಪೂಜೆ ಮಾಡಿದರು. ಅರಿಷಿಣ ಬಳಿದು, ಕುಂಕುಮ ಇಟ್ಟು, ಗೌರಿ ಹಬ್ಬಕ್ಕೆ ತೆಗೆಯುವ ಬೆಳ್ಳಿಯ ಕಣ್ಣುಗಳನ್ನು ಮೇಣದಿಂದ ಅಂಟಿಸಿ, ಕುಪ್ಪಸದ ಖಣ ಸುತ್ತಿದರು. ಅದನ್ನು ಹೆಂಡತಿ ಹೊಲಿದಿದ್ದ ಕೌದಿಯಲ್ಲಿ ಸುತ್ತಿ ನನ್ನ ಚೀಲಕ್ಕೆ ಇಳಿಸಿದೆವು. "ಹಗೂರ. ಕಣ್ಣು ಬಿದ್ದಾವು," ಎಂದು ಅಕ್ಕ ರೈಲಿನುದ್ದಕ್ಕೂ ಹೇಳುತ್ತಲೇ ಇದ್ದರು.

ಮದುವೆಗೆ ಹೊರಟವರ ವಾಟ್ಸ್ಯಾಪ್ ಗುಂಪಿನಲ್ಲಿ ನಾನು ಎರಡೇ ಸೂಚನೆ ಕೊಟ್ಟಿದ್ದೆ. ಎಲ್ಲರೂ ವೋಟರ್ ಕಾರ್ಡ್ ತರಬೇಕು. ಊಟದ ವ್ಯವಸ್ಥೆ ಆಗಿದೆ, ಯಾರೂ ಏನೂ ತರಬಾರದು. ಎಲ್ಲರೂ ಕೈಮುಗಿಯುವ ಚಿತ್ರ ಹಾಕಿದ್ದರು. ನಾನು ನಂಬಿದ್ದೆ.

ಗಡಿಯ ಕಮಾನು ದಾಟಿದ ಕೂಡಲೇ ನಮ್ಮ ಬಸ್ಸನ್ನು ಅಲ್ಲಿನ ಸುಂಕದ ಕಟ್ಟೆಯ ಮುಂದೆ ನಿಲ್ಲಿಸಿದರು. ಹೊರಗಿನ ಬಸ್ಸು ಒಳಗೆ ಹೋಗಲು ಪರವಾನಗಿ ಮಾಡಿಸಬೇಕು. ಚಾಲಕ ಕಾಗದ ಹಿಡಿದು ಸಾಲಿನಲ್ಲಿ ನಿಂತ. ಅಷ್ಟರಲ್ಲಿ ಒಬ್ಬ ಅಧಿಕಾರಿ, ಅವನ ಹಿಂದೆ ಒಬ್ಬ ಮಹಿಳಾ ಪೊಲೀಸ್ ಬಸ್ಸು ಹತ್ತಿದರು. ಮುಂದಿನ ಸೀಟಿನಲ್ಲಿ ಕಾಲ ಬಳಿ ದೊಡ್ಡ ಚೀಲ ಇಟ್ಟುಕೊಂಡು ಕೂತಿದ್ದವನು ನಾನು.

"ಇದರಲ್ಲಿ ಏನಿದೆ?" ಎಂದು ಅಧಿಕಾರಿ ಹಿಂದಿಯಲ್ಲಿ ಕೇಳಿದ.

ನಾನು ಕಾರ್ಖಾನೆಯ ಗೇಟಿನಲ್ಲಿ ಮಾಡುತ್ತಿದ್ದಂತೆ ಮಾತಿಲ್ಲದೆ ಚೀಲ ತೆರೆದು ಕೌದಿ ಸರಿಸಿದೆ. ಎರಡು ಬೆಳ್ಳಿಯ ಕಣ್ಣುಗಳು ಅವನನ್ನು ನೋಡಿದವು. ಅವನು ಅರ್ಧ ಹೆಜ್ಜೆ ಹಿಂದೆ ಸರಿದ.

"ಮೂರ್ತಿಯೇ?"

ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಎದ್ದು ನಿಂತು ಕೈಮುಗಿದರು. "ಹಾಂ ಸಾಬ್, ದೇವಿ ಹೈ. ಬಹುತ್ ಪುರಾನೀ. ನಮ್ಮ ಅಜ್ಜಿ ಕಾಲದಾಕಿ."

ಹಳೆಯ ಮೂರ್ತಿ ಎಂದ ಮೇಲೆ ಅವನಿಗೂ ಬೇರೆ ದಾರಿ ಇರಲಿಲ್ಲ. ಹಳೆಯ ದೇವರ ಕಲ್ಲುಗಳಿಗೆ ಕಾಗದ ಬೇಕು, ಕಾಗದ ತರುವ ತನಕ ಇದು ಕಚೇರಿಯಲ್ಲೇ ಇರಲಿ ಎಂದು ಸಮಾಧಾನದಿಂದಲೇ ಹೇಳಿದ. ಮರುದಿನ ಬೆಳಿಗ್ಗೆ ಅರಿಷಿಣ ಹಚ್ಚುವ ಶಾಸ್ತ್ರ. ಮಗಳು ಹಿಂದಿನ ಸೀಟಿನಿಂದ ನನ್ನನ್ನೇ ನೋಡುತ್ತಿದ್ದಳು, ಏನೂ ಅನ್ನಲಿಲ್ಲ. ಅವಳೂ ನನ್ನ ಹಾಗೆಯೇ.

ಅಧಿಕಾರಿ ಚೀಲದ ಹಿಡಿಕೆಗೆ ಕೈ ಹಾಕಿದಾಗ ನನ್ನ ಬಾಯಿ ತೆರೆಯಿತು.

"ಸಾಹೇಬರೇ, ಇದು ದೇವರಲ್ಲ," ಎಂದೆ. "ಇದು ನನ್ನ ಹೆಂಡತಿಯ ಬೀಸುಕಲ್ಲು. ಲಗ್ನವಾಗಿ ಬಂದಾಗ ತಂದಿದ್ದಳು, ಕೊನೆಯವರೆಗೂ ಇದರಲ್ಲೇ ಬೀಸಿದಳು. ಈಗ ಅವಳಿಲ್ಲ. ಮಗಳಿಗೆ ಇದರಲ್ಲಿ ಬೀಸಿದ ಅರಿಷಿಣವೇ ಬೇಕಂತೆ. ಕಣ್ಣು ಅಂಟಿಸಿದವರು ನಮ್ಮ ಅಕ್ಕ, ಪ್ರೀತಿಯಿಂದ. ಇದರ ಕೆಳಗಿನ ಕಲ್ಲು ಇದೇ ಬಸ್ಸಿನಲ್ಲಿದೆ. ತಂದು ತೋರಿಸುತ್ತೇನೆ. ಬೀಸಿಯೂ ತೋರಿಸುತ್ತೇನೆ."

"ಅವ್ವ ಇದನ್ನ ಕೇಳಬೇಕಿತ್ತು," ಎಂದಳು ಮಗಳು.

"ತೋರಿಸಿ," ಎಂದ ಅಧಿಕಾರಿ.

ಕೆಳಗಿನ ಕಲ್ಲಿನ ಚೀಲ ಸಾಮಾನಿನ ಗೂಡಿನ ತಳದಲ್ಲಿತ್ತು. ಅದನ್ನು ತೆಗೆಯಬೇಕಾದರೆ ಮೇಲಿನದನ್ನೆಲ್ಲ ಇಳಿಸಬೇಕು. ಇಳಿಸಿದ್ದನ್ನೆಲ್ಲ ಬಿಚ್ಚಿ ತೋರಿಸಬೇಕು. ಮೊದಲ ಚೀಲದಲ್ಲಿ ಕಟಕ ರೊಟ್ಟಿಯ ಗಂಟು, ಶೇಂಗಾ ಚಟ್ನಿ. ಎರಡನೆಯದರಲ್ಲೂ ರೊಟ್ಟಿ, ಗುರೆಳ್ಳು ಚಟ್ನಿ. ಮೂರನೆಯದರಲ್ಲಿ ಎರಡೂ. ಏನೂ ತರಬಾರದೆಂದು ಹೇಳಿದ್ದರಿಂದ, ಬೇರೆ ಯಾರೂ ತರುವುದಿಲ್ಲವಲ್ಲ, ಎಲ್ಲರಿಗೂ ಆಗಲಿ ಎಂದು ಪ್ರತಿಯೊಬ್ಬರೂ ಗುಟ್ಟಾಗಿ ಇಡೀ ದಿಬ್ಬಣಕ್ಕೆ ಆಗುವಷ್ಟು ತಂದಿದ್ದರು. ಕಟ್ಟೆಯ ಮೇಲೆ ರೊಟ್ಟಿಯ ಗಂಟುಗಳು ಸಾಲಾಗಿ ಕೂತವು. ತಂದವರು ಒಬ್ಬರ ಮುಖ ಒಬ್ಬರು ನೋಡದೆ ಬಸ್ಸಿನ ಚಕ್ರ ನೋಡುತ್ತಿದ್ದರು.

"ಅಂಗಡಿ ಇಡಲು ಬಂದಿದ್ದೀರಾ?" ಎಂದ ಅಧಿಕಾರಿ.

"ಇಲ್ರಿ ಸಾಹೇಬ್ರ, ಊಟಕ್ಕ," ಎಂದರು ನನ್ನ ಹೆಂಡತಿಯ ಚಿಕ್ಕಪ್ಪ, ಕೈಯನ್ನು ಬಾಯಿಗೆ ಒಯ್ದು ತೋರಿಸುತ್ತ.

"ಎಷ್ಟು ತಿಂಗಳ ಊಟ?"

ಚಿಕ್ಕಪ್ಪ ಉತ್ತರದ ಬದಲು ಒಂದು ರೊಟ್ಟಿ ಮುರಿದು ಚಟ್ನಿ ಹಾಕಿ ಅವನ ಕೈಗಿತ್ತರು. ಅವನು ಅನುಮಾನದಿಂದಲೇ ಕಚ್ಚಿದ. ಎರಡನೆಯ ತುಂಡನ್ನು ತಾನೇ ಮುರಿದುಕೊಂಡ.

ಕೊನೆಗೆ ಕೆಳಗಿನ ಕಲ್ಲು ಹೊರಬಂತು. ಅದನ್ನು ನೋಡಿದ ಕೂಡಲೇ ಆ ಮಹಿಳಾ ಪೊಲೀಸ್ ನಕ್ಕು, "ಅಯ್ಯೋ, ಜಾಂತೊ," ಎಂದಳು. ಅವರಲ್ಲಿ ಬೀಸುಕಲ್ಲಿಗೆ ಹಾಗೆನ್ನುತ್ತಾರೆ; ತನ್ನ ಅತ್ತೆಯ ಮನೆಯಲ್ಲೂ ಒಂದಿದೆ ಎಂದಳು. ಆದರೂ ಅಧಿಕಾರಿ ಬಿಡಲಿಲ್ಲ. ಅವನಿಗೆ ಈಗ ಅನುಮಾನಕ್ಕಿಂತ ಕುತೂಹಲ ಹೆಚ್ಚಾಗಿತ್ತೆಂದು ಕಾಣುತ್ತದೆ. "ಬೀಸಿ ತೋರಿಸುತ್ತೇನೆ ಅಂದಿರಲ್ಲ?"

ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿದರು. "ಗಡಿ ದಾಟೇವಿಲ್ಲೊ? ಹಂಗಾದ್ರ ಶಾಸ್ತ್ರ ಇಲ್ಲೇ ಮುಗಸೂಣು. ಐದು ಮಂದಿ ಮುತ್ತೈದೇರು ಬರ್ರಿ."

ಕಲ್ಲು ಕೂಡಿಸಿದಾಗ ಹಿಡಿದು ತಿರುಗಿಸುವ ಗೂಟ ಇಲ್ಲದ್ದು ತಿಳಿಯಿತು. ಅದು ವಾಡಿಯಲ್ಲೇ ಉಳಿದಿತ್ತು. ಚಾಲಕ ತನ್ನ ಸ್ಕ್ರೂಡ್ರೈವರ್ ತಂದು ತೂತಿಗೆ ಸಿಕ್ಕಿಸಿದ, ಬರೋಬರ್ ಕೂತಿತು. ಮುತ್ತೈದೆಯರು ನಾಲ್ವರೇ ಸಿಕ್ಕರು, ಉಳಿದವರು ಚಹಾದ ಅಂಗಡಿಗೆ ಹೋಗಿದ್ದರು. ಅಕ್ಕ ಪೊಲೀಸಿನವಳನ್ನು ಮೇಲಿನಿಂದ ಕೆಳಗೆ ನೋಡಿದರು. ಅವಳ ಕೊರಳಲ್ಲಿ ಹಸಿರು ಮಣಿಯ ಸರ, ಟೊಪ್ಪಿಗೆಯ ಅಂಚಿನಲ್ಲಿ ಬೈತಲೆಯ ಸಿಂಧೂರ. "ಈಕಿ ಅದಾಳಲ್ಲ. ಬಾ ಯವ್ವಾ, ಕೂಡ." ಅವಳಿಗೆ ಮಾತು ತಿಳಿಯದಿದ್ದರೂ ಅರ್ಥ ತಿಳಿಯಿತು. ಅಧಿಕಾರಿಯ ಮುಖ ನೋಡಿದಳು. ಅವನು ರೊಟ್ಟಿ ತಿನ್ನುತ್ತ ತಲೆಯಾಡಿಸಿದ. ಬೂಟು ಬಿಚ್ಚಿ ಬಂದು ಕೂತಳು.

ಕುಟ್ಟಿ ತುಂಡು ಮಾಡಿದ್ದ ಅರಿಷಿಣ ಕೊಂಬಿನ ಬಟ್ಟಲು ಬಂತು. ಮೊದಲ ಹಿಡಿಯನ್ನು ಮದುಮಗಳ ತಾಯಿ ಹಾಕಬೇಕು. ಅಕ್ಕ ಬಟ್ಟಲನ್ನು ಕಲ್ಲಿನ ಬಾಯಿಯವರೆಗೆ ಒಯ್ದು ಹಿಂದಕ್ಕೆ ತೆಗೆದರು. ಆಮೇಲೆ ಅದನ್ನು ನನ್ನ ಕಡೆ ಚಾಚಿದರು.

"ನೀವ ಹಾಕ್ರಿ. ಆಕಿ ಬದ್ಲಿ."

"ಗಂಡಸರು ಹಾಕ್ತಾರೇನ್ರಿ ಅಕ್ಕಾರ?"

"ಊರಾಗ ಹಾಕಂಗಿಲ್ಲ. ಇಲ್ಲಿ ಯಾರು ಕೇಳ್ತಾರ, ಹಾಕ್ರಿ."

ಹಾಕಿದೆ. ಕಲ್ಲು ತಿರುಗಿತು. ಅದೇ ಗರಗರ. ವರ್ಷದಿಂದ ನಾನು ಕೇಳಿರಲಿಲ್ಲ. ಅಕ್ಕ ಬೀಸುವ ಹಾಡು ಹಿಡಿದರು, ನಾಲ್ವರು ಸೊಲ್ಲು ಕೂಡಿಸಿದರು, ಪೊಲೀಸಿನವಳು ತನ್ನ ಭಾಷೆಯಲ್ಲೇ ಏನೋ ಗುನುಗಿದಳು. ಕಲ್ಲಿನ ಅಂಚಿನಿಂದ ಹಳದಿ ಪುಡಿ ಉದುರತೊಡಗಿತು. ಮಗಳು ಅದನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಹಿಂದಿನ ಸಾಲಿನಲ್ಲಿ ನಿಂತಿದ್ದ ಬಸ್ಸಿನವರು ಹಾರ್ನ್ ಹೊಡೆದರೂ ಯಾರೂ ಏಳಲಿಲ್ಲ. ಪುಡಿ ಸ್ವಲ್ಪ ತರಿಯಾಗಿಯೇ ಬಂತು. ಮರುದಿನ ಅದನ್ನು ಹಚ್ಚಿದಾಗ ಮದುಮಗ, "ಕೆನ್ನೆ ಚುಚ್ಚುತ್ತಿದೆ," ಎಂದ. ಮಗಳು, "ಸಹನ್ ಕರ್, ಗಡಿ ದಾಟಿ ಬಂದದ್ದು," ಎಂದಳು.

ಮದುವೆ ಚೆನ್ನಾಗಿ ಆಯಿತು. ಅಜ್ಜಿ ಹಾಸಿಗೆಯಲ್ಲಿ ಒರಗಿ ಕೂತು ಪೂರ್ತಿ ನೋಡಿದರು. ರೊಟ್ಟಿ ಅರ್ಧ ಉಳಿಯಿತು, ಬೀಗರು ಇಟ್ಟುಕೊಂಡರು. ಬೀಸುಕಲ್ಲನ್ನು ಮಗಳು ಇಟ್ಟುಕೊಂಡಳು. ಅದನ್ನು ಮರಳಿ ಒಯ್ಯುವುದೆಂದು ನಾನು ಅಂದುಕೊಂಡಿದ್ದೆ. ಕೇಳಲಿಲ್ಲ.

ಮರಳಿ ಬರುವಾಗ ಅದೇ ಕಟ್ಟೆಯ ಮುಂದೆ ಬಸ್ಸು ನಿಂತಿತು. ಅದೇ ಪೊಲೀಸಿನವಳು ಹತ್ತಿದಳು. ರೂಢಿಯಂತೆ ನಾನು ಅವಳು ಕೇಳುವ ಮೊದಲೇ ಚೀಲ ತೆರೆದೆ. ಒಳಗೆ ಕೌದಿ ಮಾತ್ರ ಇತ್ತು.

"ಜಾಂತೊ?" ಎಂದಳು.

"ಮಗಳ ಹತ್ತಿರ ಇದೆ," ಎಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಅದನ್ನು ಅವಳ ಅಡುಗೆಮನೆಯಲ್ಲಿ ಎಲ್ಲಿ ಇಟ್ಟಳು ಎಂದು ಹೇಳಿದೆ. ನನ್ನ ಹೆಂಡತಿ ಮೆಂತ್ಯದ ಹಿಟ್ಟಿಗೆ ಏನೇನು ಹುರಿದು ಹಾಕುತ್ತಿದ್ದಳು ಎಂದು ಹೇಳಿದೆ. ಈ ಕೌದಿಯ ಕೆಂಪು ತುಂಡು ಅವಳ ಯಾವ ಸೀರೆಯದು ಎಂದು ತೋರಿಸಿದೆ. ಪೊಲೀಸಿನವಳು ಸೀಟಿಗೆ ಒರಗಿ ಕೇಳುತ್ತ ನಿಂತಳು. ಚಾಲಕ ಎಂಜಿನ್ ಶುರು ಮಾಡಿ ಎರಡು ಸಲ ತಿರುಗಿ ನೋಡಿದ.

"ಸಾಕ್ರಿ ಸಾಹೇಬ್ರ," ಎಂದರು ಹಿಂದಿನಿಂದ ಅಕ್ಕ. "ನಾಗಪುರದ ತನಕ ನಾವೂ ಬರ್ತೀವಿ. ನಮಗೂ ಒಂದೀಟು ಉಳಸ್ರಿ."