ಕಾಲರಕ್ಕನ ಮೋಟಾರು

ಶರ್ಟಿಗೆ ಕಾಲರ್ ಕೂರಿಸುವುದರಲ್ಲಿ ಅವಳನ್ನು ಮೀರಿಸುವವರು ಇರಲಿಲ್ಲ. ಹಾಗಾಗಿ ಹೊಲಿಗೆ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಕಾಲರಕ್ಕ ಎನ್ನುತ್ತಿದ್ದರು. ಕಾರ್ಖಾನೆ ಎಂದರೆ ತಗಡಿನ ಮಾಡಿನ ಒಂದು ಉದ್ದ ಕೋಣೆ, ಕಾಲಲ್ಲಿ ತುಳಿಯುವ ಯಂತ್ರಗಳ ಸಾಲು. ಕಿಟಕಿಯ ಪಕ್ಕದ್ದು ಅವಳದು. ವರ್ಷಗಟ್ಟಲೆ ತುಳಿದ ಮೇಲೆ ಅವಳ ಬಲಮಂಡಿ ಮುಷ್ಕರ ಹೂಡಿತು. ಮಾಲೀಕರು ಕೆಟ್ಟವರೇನಲ್ಲ, ಕೆಲಸದಿಂದ ತೆಗೆಯುವಾಗಲೂ ಬಹುವಚನ ಬಿಡುತ್ತಿರಲಿಲ್ಲ. ಸೋಮವಾರ ಬಂದು ತಮ್ಮೆದುರು ಒಂದು ಕಾಲರ್ ಹೊಲಿದು ತೋರಿಸಬೇಕು, ಆಗದಿದ್ದರೆ ಕಿಟಕಿಯ ಜಾಗ ಬೇರೆಯವರಿಗೆ ಎಂದರು.

ಅವಳಿಗೊಬ್ಬ ತಮ್ಮನಿದ್ದ. ಅಕ್ಕನ ಸಂಬಳದಲ್ಲಿ ಉಂಡು, ಮನೆಯ ಒಂದೇ ಮೇಜನ್ನು ಪ್ರಯೋಗಾಲಯ ಎಂದು ಕರೆದು, ಅದನ್ನು ಒರೆಸಲು ಯಾರಿಗೂ ಬಿಡದೆ ಇದ್ದವನು. ಬೀದಿಯವರು ಅವನಿಗೆ ವಿಜ್ಞಾನಿ ಎಂದು ಹೆಸರಿಟ್ಟಿದ್ದರು. ಅದು ಗೇಲಿ ಎಂಬುದು ಅವನೊಬ್ಬನಿಗೆ ಮಾತ್ರ ಗೊತ್ತಿರಲಿಲ್ಲ.

ಸುದ್ದಿ ಕೇಳಿ ಅವನು ಗುಜರಿಯಿಂದ ಹಳೇ ಕಾರಿನ ಫ್ಯಾನ್ ಮೋಟಾರು ತಂದ. ಯಂತ್ರದ ಚಕ್ರವನ್ನು ಇನ್ನು ಕಾಲಿನ ಬದಲು ಅದು ತಿರುಗಿಸುತ್ತದೆ, ಅಕ್ಕ ಎಡಪಾದದಲ್ಲಿ ಒಂದು ಸಣ್ಣ ಪೆಡಲನ್ನು ಮೆಲ್ಲಗೆ ಒತ್ತಿದರೆ ಸಾಕು ಎಂದ. ಊಟದ ಹೊತ್ತಿಗೆ ಉಪನ್ಯಾಸವೂ ಆಯಿತು. ಪೆಡಲ್ ಎಷ್ಟು ಒತ್ತಿದೆ ಎಂದು ಉಗುರಿನಷ್ಟಗಲದ ಚಿಪ್ ನೋಡಿಕೊಳ್ಳುತ್ತದೆ. ಮೋಟಾರು ತಿರುಗಿಸುವ ತಾಕತ್ತು ಅದಕ್ಕಿಲ್ಲ. ಅದು ಟ್ರಾನ್ಸಿಸ್ಟರಿಗೆ ಸನ್ನೆ ಮಾಡುತ್ತದೆ, ಟ್ರಾನ್ಸಿಸ್ಟರು ಬ್ಯಾಟರಿಯ ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ ಬಿಡುತ್ತದೆ, ತಡೆಯುತ್ತದೆ. ಬಿಟ್ಟ ಹೊತ್ತು ಹೆಚ್ಚಾದರೆ ಮೋಟಾರು ಜೋರು, ತಡೆದ ಹೊತ್ತು ಹೆಚ್ಚಾದರೆ ನಿಧಾನ. ಕೂತಲ್ಲೇ ಕೂತು ಸನ್ನೆ ಮಾಡುವವನೊಬ್ಬ, ಮೈಮುರಿದು ದುಡಿಯುವವರು ಇನ್ನೊಬ್ಬರು. ಈ ಏರ್ಪಾಡು ಅವನಿಗೆ ಅಷ್ಟು ಬೇಗ ಅರ್ಥವಾದದ್ದರಲ್ಲಿ ಆಶ್ಚರ್ಯವೇನಿಲ್ಲ.

ಕರೆಂಟು ತಡೆದಾಗಲೆಲ್ಲ ಮೋಟಾರು ಟ್ರಾನ್ಸಿಸ್ಟರನ್ನು ತಿರುಗಿ ಒದೆಯುತ್ತದೆ, ಅದಕ್ಕೆ ಅಡ್ಡವಾಗಿ ಡಯೋಡ್ ಹಾಕಬೇಕು ಎಂಬುದು ಟ್ರಾನ್ಸಿಸ್ಟರುಗಳು ಸುಟ್ಟು ಮನೆಯೆಲ್ಲ ನಾತ ಹಿಡಿದ ಮೇಲೆ ತಿಳಿಯಿತು. ಅದನ್ನವನು ಸಂಶೋಧನೆ ಎಂದ. ಕೊನೆಗೂ ಮನೆಯಲ್ಲಿದ್ದ ಅಕ್ಕನ ಹೊಲಿಗೆ ಯಂತ್ರ ಮೋಟಾರಿನಲ್ಲಿ ಓಡಿತು. ಅಕ್ಕ ಹಳೇ ದಿಂಬಿನ ಚೀಲಕ್ಕೆ ನೇರವಾದ ಗೆರೆ ಹೊಲಿದು, ಎಷ್ಟೋ ದಿನದ ಮೇಲೆ ನಕ್ಕಳು.

ಉಳಿದದ್ದು ಒಂದೇ ಐಬು. ಸ್ವಿಚ್ ಹಾಕಿದ ಕೂಡಲೇ, ಚಿಪ್ ಎಚ್ಚೆತ್ತು ಅಧಿಕಾರ ವಹಿಸಿಕೊಳ್ಳುವ ಮೊದಲು, ಹೇಳುವವರು ಕೇಳುವವರು ಇಲ್ಲದ ಟ್ರಾನ್ಸಿಸ್ಟರು ಮೋಟಾರನ್ನು ಪೂರ್ತಿ ವೇಗಕ್ಕೆ ಬಿಟ್ಟುಬಿಡುತ್ತಿತ್ತು. ಸೂಜಿ ದಡದಡನೆ ನಾಲ್ಕಾರು ಸಲ ಕುಟ್ಟಿ ನಿಲ್ಲುತ್ತಿತ್ತು. ಟ್ರಾನ್ಸಿಸ್ಟರಿಗೆ ಸನ್ನೆ ಬರುವ ತಂತಿಕಾಲಿನಿಂದ ಬ್ಯಾಟರಿಯ ಮೈನಸ್ಸಿಗೆ ಒಂದು ರೆಸಿಸ್ಟರ್ ಬೆಸೆದರೆ ಮುಗಿಯಿತು. ಅದು ತಮ್ಮನಿಗೆ ಗೊತ್ತಿತ್ತು.

"ಅದೊಂದು ಸರಿಮಾಡಪ್ಪ, ನಂಗೆ ಭಯ ಆಗುತ್ತೆ."

"ಸ್ವಿಚ್ ಹಾಕೋವಾಗ ಕೈ ದೂರ ಇಟ್ಕೋ ಅಕ್ಕ. ಅಷ್ಟಕ್ಕೋಸ್ಕರ ಮತ್ತೆಲ್ಲ ಬಿಚ್ತಾ ಕೂರೋಕಾಗಲ್ಲ."

ಸೋಮವಾರ ಕಿಟಕಿಯ ಪಕ್ಕದ ಯಂತ್ರಕ್ಕೆ ಮೋಟಾರು ಕೂತಿತು. ತಮ್ಮ ಇಸ್ತ್ರಿ ಅಂಗಿ ತೊಟ್ಟು ಬಂದಿದ್ದ. ಅಕ್ಕ ಬಿಳಿ ಬಟ್ಟೆಯನ್ನು ಸೂಜಿಯಡಿ ಇಟ್ಟು ಪಾದ ಒತ್ತಿದಳು. ಕಾಲರಿನ ಮೊದಲ ಮೂಲೆ ಚೂಪಾಗಿ ತಿರುಗಿತು. ಮಾಲೀಕರು ಕನ್ನಡಕ ಏರಿಸಿ ಬಗ್ಗಿ ನೋಡಿ, ತಲೆದೂಗಿದರು. ಅಲ್ಲಿಗೆ ಬಿಟ್ಟಿದ್ದರೆ ಅವಳ ಜಾಗ ಉಳಿಯುತ್ತಿತ್ತು. ಆದರೆ ಮಾಲೀಕರು ನೋಡಿದ್ದು ಹೊಲಿಗೆಯನ್ನು, ಮೋಟಾರನ್ನಲ್ಲ. ವಿಜ್ಞಾನಿಗೆ ಅದನ್ನು ಸಹಿಸಲಾಗಲಿಲ್ಲ. ಎರಡನೇ ಮೂಲೆಗೆಂದು ಅಕ್ಕ ತೋರುಬೆರಳಲ್ಲಿ ಬಟ್ಟೆ ಒತ್ತಿ ಹಿಡಿದಿದ್ದಳು. ಅಷ್ಟರಲ್ಲಿ ಅವನು ಗಂಟಲು ಸರಿಮಾಡಿಕೊಂಡು, ಈ ಚಿಪ್ಪನ್ನು ಆರಿಸಿ ಎಬ್ಬಿಸಿದರೂ ಅದು ಪಾಠ ಮರೆಯುವುದಿಲ್ಲ, ನೋಡಿ ಸಾರ್ ಎಂದು ಸ್ವಿಚ್ ಆಫ್ ಮಾಡಿ ಮತ್ತೆ ಹಾಕಿದ.

ಸೂಜಿ ಉಗುರಿನ ಮೇಲಿಂದ ಇಳಿದು, ಮತ್ತೆ ಇಳಿದು, ಮೂಳೆಯಲ್ಲಿ ಮುರಿದು ನಿಂತಿತು. ಅವಳು ರಕ್ತ ಬಟ್ಟೆಗೆ ತಾಗದಂತೆ ಕಾಲರನ್ನು ಇನ್ನೊಂದು ಕೈಯಲ್ಲಿ ಪಕ್ಕಕ್ಕೆ ಸರಿಸಲು ನೋಡಿದಳು, ಆಗಲಿಲ್ಲ.

"ಕೈ ದೂರ ಇಟ್ಕೋ ಅಂತ ಹೇಳಿರ್ಲಿಲ್ವಾ?" ಎಂದ ತಮ್ಮ, ಎಲ್ಲರಿಗೂ ಕೇಳುವಂತೆ.

ಮಾಲೀಕರು ಮೊದಲು ಅವಳನ್ನು ಆಸ್ಪತ್ರೆಗೆ ಕಳಿಸಿದರು, ಆಮೇಲೆ ಮೋಟಾರನ್ನು ಸರಿಯಾಗಿ ನೋಡಿದರು. ಎಲ್ಲ ಯಂತ್ರಗಳಿಗೂ ಇಂಥದ್ದು ಕೂರಿಸಿದರೆ ಅರ್ಧ ಜನ ಸಾಕು ಎಂಬುದು ಅವರಿಗೆ ಆ ಮಧ್ಯಾಹ್ನವೇ ಹೊಳೆಯಿತು. ತಮ್ಮನಿಗೆ ಕೆಲಸವಾಯಿತು, ಕುರ್ಚಿಯಾಯಿತು. ಕಡಿಮೆ ಮಾಡಬೇಕಾದವರ ಪೈಕಿ ಮೊದಲ ಹೆಸರು ಹುಡುಕಲು ಯಾರೂ ಕಷ್ಟಪಡಬೇಕಾಗಲಿಲ್ಲ. ತೋರುಬೆರಳು ಮಡಿಸಲು ಬಾರದವರು ಕಾಲರಿನ ಮೂಲೆ ಹೇಗೆ ತಿರುವುತ್ತೀರಿ ಎಂದು ಮಾಲೀಕರು ಬಹುವಚನದಲ್ಲೇ ಕೇಳಿದರು.

ಈಗ ಕಿಟಕಿಯ ಪಕ್ಕ ಇನ್ನೊಬ್ಬಳು ಹೊಲಿಯುತ್ತಾಳೆ. ಒಂದು ಸಂಜೆ ಅವಳು ಕಾಲರಕ್ಕನನ್ನು ನೋಡಲು ಬಂದು, ಸ್ವಿಚ್ ಹಾಕಿದರೆ ಸೂಜಿ ಅಲುಗುವುದೂ ಇಲ್ಲ, ನಿಮ್ಮ ತಮ್ಮ ಎಲ್ಲ ಯಂತ್ರಕ್ಕೂ ಏನೋ ಒಂದು ಬೆಸೆದಿದ್ದಾನೆ ಎಂದು ಮೆಚ್ಚಿ ಹೇಳಿ ಹೋದಳು.

ಊಟಕ್ಕೆ ಕೂತ ತಮ್ಮನನ್ನು ಅಕ್ಕ ಕೇಳಿದಳು. "ಅವರದಕ್ಕೆಲ್ಲ ಹಾಕಿದೀಯಂತೆ. ನಂದಕ್ಕೆ ಯಾಕೋ ಹಾಕ್ಲಿಲ್ಲ?"

ಅವನಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು.

"ಅವರು ಹೊರಗಿನವರು ಅಕ್ಕ, ನಾಳೆ ಹೆಚ್ಚುಕಮ್ಮಿ ಆದ್ರೆ ಕೇಳ್ತಾರೆ. ನೀನು ಮನೆಯವಳಲ್ವಾ?"

ಅವಳು ಅನ್ನದ ಸೌಟನ್ನು ನಾಲ್ಕೇ ಬೆರಳಲ್ಲಿ ಹಿಡಿದು ಬಡಿಸಿದಳು. ಚೆಲ್ಲುತ್ತಿದೆ, ಸ್ವಲ್ಪ ನೋಡಿಕೊಂಡು ಬಡಿಸು ಎಂದ.